ಬ್ರಿಟನಿಯ ಹಳ್ಳಿಗಾಡಿನ ಹಬ್ಬಗಳು: ಹೋಗಿ ಕುಣಿದು ಬಂದವರು ಯಾರಾದರೂ ಇದ್ದೀರಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ನಮ್ಮೂರು ತೀರ್ಥಹಳ್ಳಿ ಕಡೆ. ಆರು ವರ್ಷದಿಂದ ಫ್ರಾನ್ಸಿನ ವಾಯವ್ಯ ಮೂಲೆಯ ಬ್ರಿಟನಿಯಲ್ಲಿ, ಲಾನಿಯೋಂ ಎಂಬ ಸಣ್ಣ ಊರಲ್ಲಿದ್ದೇನೆ. ಟೆಲಿಕಾಂ ಕೆಲಸ. ಬಂದ ಹೊಸದರಲ್ಲಿ ಶುಕ್ರವಾರ ಸಂಜೆಯಾದರೆ ಪ್ಯಾರಿಸ್ ರೈಲು ಹತ್ತುತ್ತಿದ್ದೆವು. ಈಗ ಕಾರು ತಾನಾಗಿ ಒಳನಾಡಿನ ಕಡೆ ತಿರುಗುತ್ತದೆ. ಇಲ್ಲಿನ ಹಳ್ಳಿಗಳ ಹಬ್ಬಗಳ ಬಗ್ಗೆ ಕನ್ನಡದಲ್ಲಿ ನಾನು ಏನೂ ಓದಿದ್ದಿಲ್ಲ, ಹಾಗಾಗಿ ಕೂತು ಬರೆಯುತ್ತಿದ್ದೇನೆ.

ಮೊನ್ನೆ ಶನಿವಾರ ಕಾರೆ ಪಟ್ಟಣದ ಹತ್ತಿರ ಒಂದು ಹಳ್ಳಿಗೆ ಫೆಸ್ಟ್ ನೋಜ್‌ಗೆ ಹೋಗಿದ್ದೆವು. ಬ್ರೆಟನ್ ಭಾಷೆಯಲ್ಲಿ ಫೆಸ್ಟ್ ಅಂದರೆ ಹಬ್ಬ, ನೋಜ್ ಅಂದರೆ ರಾತ್ರಿ. ಊರಿನ ಸಮುದಾಯ ಭವನ. ಒಂದು ಮೂಲೆಯಲ್ಲಿ ಹೆಂಗಸರು ಕಾವಲಿ ಹಚ್ಚಿ ಕ್ರೇಪ್ ಹುಯ್ಯುತ್ತಿದ್ದರು, ಇನ್ನೊಂದು ಮೂಲೆಯಲ್ಲಿ ಸೇಬಿನ ಸೈಡರ್. ವೇದಿಕೆ ಅಂತ ಹೇಳುವಷ್ಟೇನೂ ಇರಲಿಲ್ಲ, ನಾಲ್ಕು ಹಲಗೆ ಜೋಡಿಸಿದ ಜಗಲಿ ಅಷ್ಟೆ. ಅದರ ಮೇಲೆ ಇಬ್ಬರು ಗಂಡಸರು ಹೆಗಲಿಗೆ ಹೆಗಲು ತಾಗಿಸಿ ನಿಂತಿದ್ದರು. ವಾದ್ಯ ಒಂದೂ ಇಲ್ಲ. ಮೊದಲು "ತ್ರಾ ಲಾ ಲಾ ಲೆನೋ" ಅಂತ ಒಬ್ಬರು ಕೂಗಿದ ಹಾಗೆ ಎಳೆದರು. ಅದು ಕುಣಿಯುವವರನ್ನು ಕರೆಯುವ ದನಿಯಂತೆ. ಮೇಜು ಬಿಟ್ಟು ಜನ ಎದ್ದರು, ತೋಳಿಗೆ ತೋಳು ಹೆಣೆದುಕೊಂಡರು, ಸಾಲು ಬೆಳೆಯಿತು, ಸುರುಳಿ ಸುತ್ತಿತು. ಇನ್ನೂರು ಜನರ ಹೆಜ್ಜೆ ಒಟ್ಟಿಗೆ ಬೀಳುವಾಗ ಮೇಜಿನ ಮೇಲಿನ ಗ್ಲಾಸು ಕಿಣಿಕಿಣಿ ಅಂದವು.

ನಾನು ಗೋಡೆಗೆ ಒರಗಿ ನಿಂತಿದ್ದೆ. ಎಂಬತ್ತರ ಆಸುಪಾಸಿನ ಒಬ್ಬ ಅಜ್ಜಿ ಸಾಲು ಬಿಡಿಸಿ ನನ್ನ ತೋಳು ಎಳೆದು ಸೇರಿಸಿಕೊಂಡರು. ಹೇಳಿದ್ದು ಒಂದೇ ಮಾತು: "ಎಡಕ್ಕೆ." ಇಲ್ಲಿ ಸಾಲಿನ ಕುಣಿತ ಹೆಚ್ಚಾಗಿ ಎಡಕ್ಕೇ ಸರಿಯುವುದು. ಎಂಟು ಎಣಿಕೆಯ ಹೆಜ್ಜೆ. ಕಾಲು ನೋಡಿ ಕಲಿಯಲು ಹೋದರೆ ತಪ್ಪುತ್ತದೆ. ಅಜ್ಜಿಯ ತೋಳು ಏರಿಳಿದ ಹಾಗೆ ನನ್ನ ತೋಳೂ ಏರಿಳಿದು, ತಾಳ ಅಲ್ಲಿಂದಲೇ ಕಾಲಿಗೆ ಇಳಿಯಿತು. ಹತ್ತು ನಿಮಿಷದ ಮೇಲೆ ಅಜ್ಜಿ ನನ್ನ ಕಡೆ ನೋಡುವುದನ್ನು ಬಿಟ್ಟರು. ಅಂದರೆ ಸರಿಯಾಗಿದೆ ಅಂತ.

ಆರು ವರ್ಷದಲ್ಲಿ ನನಗೆ ಮನಸ್ಸಿಗೆ ಬಂದದ್ದು ಇದು: ಈ ನಾಡಿನ ಹಬ್ಬದಲ್ಲಿ ನೋಡುವವರಿಗೆ ಅಂತ ಬೇರೆ ಜಾಗವೇ ಇಲ್ಲ. ನಿಮ್ಮಲ್ಲಿ ಯಾರಾದರೂ ಈ ಕಡೆ ಬಂದಿದ್ದರೆ, ಅಥವಾ ಕೇಳಬೇಕು ಅನಿಸಿದರೆ, ಬರೆಯಿರಿ.

ಸೋಬಾನೆ

ತುಂಗಾತೀರ ಅಣ್ಣ, ಓದಿ ಮೈ ಝುಂ ಅಂತು. ನಾನು ಮಂಡ್ಯದವಳು, ಜನಪದ ಹಾಡು ಸಂಗ್ರಹ ಮಾಡೋದೇ ನನ್ನ ಕೆಲಸ. ಆ ಇಬ್ಬರು ಹೆಂಗೆ ಹಾಡ್ತಿದ್ರು ಅಂತ ಇನ್ನೂ ಬಿಡಿಸಿ ಹೇಳ್ತೀರಾ? ಒಬ್ರು ಹೇಳೋದು, ಇನ್ನೊಬ್ರು ಸೊಲ್ಲು ಕೂಡ್ಸೋದಾ? ಉಸಿರು ಎಲ್ಲಿ ತಗೋತಾರೆ? ನಮ್ಮಲ್ಲಿ ಮದುವೆ ಮನೇಲಿ ಹೆಂಗಸರು ಎರಡು ಗುಂಪಾಗಿ ಸೋಬಾನೆ ಹೇಳುವಾಗ, ಒಂದು ಗುಂಪು ನಿಲ್ಲಿಸಿದ ಮೇಲೆ ಇನ್ನೊಂದು ಎತ್ಕೊಳ್ಳುತ್ತೆ.

ತುಂಗಾತೀರ

ಅಕ್ಕ, ನೀವು ಸರಿಯಾದ ಜಾಗಕ್ಕೇ ಕೈ ಹಾಕಿದ್ದೀರಿ. ಇದಕ್ಕೆ ಕಾನ್ ಹ ದಿಸ್ಕಾನ್ ಅನ್ನುತ್ತಾರೆ. ಹಾಡು ಮತ್ತು ಮರುಹಾಡು ಅನ್ನಬಹುದು. ಮೊದಲು ಹೇಳುವವರು ಕಾನೆರ್, ಮರಳಿ ಹೇಳುವವರು ದಿಸ್ಕಾನೆರ್. ನಿಮ್ಮ ಸೋಬಾನೆಗೂ ಇದಕ್ಕೂ ವ್ಯತ್ಯಾಸ ಇರುವುದು ಒಂದೇ ಕಡೆ. ದಿಸ್ಕಾನೆರ್ ಕಾಯುವುದಿಲ್ಲ. ಕಾನೆರ್ ಸಾಲಿನ ಕೊನೆಯ ಎರಡು ಮೂರು ಅಕ್ಷರಕ್ಕೆ ಬರುವಾಗಲೇ ಇವರೂ ಸೇರಿ, ಆ ಅಕ್ಷರಗಳನ್ನು ಇಬ್ಬರೂ ಒಟ್ಟಿಗೆ ಹೇಳಿ, ಅಲ್ಲಿಂದ ಇಡೀ ಸಾಲನ್ನು ದಿಸ್ಕಾನೆರ್ ಒಬ್ಬರೇ ಮತ್ತೆ ಹೇಳುತ್ತಾರೆ. ಅದರ ಬಾಲವನ್ನು ಕಾನೆರ್ ಹಿಡಿಯುತ್ತಾರೆ. ಹೆಂಚಿನ ಮೇಲೆ ಹೆಂಚು ಏರಿಸಿ ಹೊದಿಸಿದ ಹಾಗೆ, ನಡುವೆ ನೀರು ಸೋರುವ ಸಂದು ಇಲ್ಲ. ಒಬ್ಬರು ಹಾಡುವಾಗ ಇನ್ನೊಬ್ಬರಿಗೆ ಉಸಿರು. ಇಪ್ಪತ್ತು ನಿಮಿಷವಾದರೂ ದನಿ ಕಡಿಯುವುದಿಲ್ಲ, ಕುಣಿಯುವವರ ಕಾಲಿಗೆ ನಿಲ್ಲಲು ನೆವವೇ ಸಿಗುವುದಿಲ್ಲ.

ಗಾವೋಟ್ ಎಂಬ ಕುಣಿತದಲ್ಲಿ ಮೊದಲು ಸರಳ ಧಾಟಿ, ನಡುವೆ ಸ್ವಲ್ಪ ನಡೆದಾಡಿ ದಣಿವಾರಿಸಿಕೊಳ್ಳುವ ತುಂಡು, ಆಮೇಲೆ ಉದ್ದ ಸಾಲಿನ ಧಾಟಿ. ನಡುವಿನ ತುಂಡಿಗೆ ತಾಮ್ ಕ್ರೇಜ್ ಅಂತ ಹೆಸರು. ಎಲ್ಲಿ ಯಾವ ಶನಿವಾರ ಫೆಸ್ಟ್ ನೋಜ್ ಇದೆ ಎಂದು ಎಲ್ಲರೂ ನೋಡುವ ಜಾಲತಾಣಕ್ಕೂ ಅದೇ ಹೆಸರು. ನಮ್ಮ ಮನೆಯಲ್ಲಿ ಗುರುವಾರ ರಾತ್ರಿ ಊಟವಾದ ಮೇಲೆ ಅದನ್ನು ತೆರೆಯದಿದ್ದರೆ ಮಗಳೇ ನೆನಪಿಸುತ್ತಾಳೆ.

ಹಳೆಯ ಧ್ವನಿಮುದ್ರಣ ಕೇಳಬೇಕೆಂದರೆ ಗೊವಾದೆಕ್ ಅಕ್ಕತಂಗಿಯರನ್ನು ಹುಡುಕಿ. ಕಾರೆ ಹತ್ತಿರದ ತ್ರೆಫ್ರ್ಯಾಂನ ಮೂವರು ಹೆಂಗಸರು. 1973ರಲ್ಲಿ ಪ್ಯಾರಿಸ್‌ನ ಬೊಬಿನೊ ರಂಗಮಂದಿರದಲ್ಲಿ ಹಾಡಿದಾಗ ಹಿರಿಯವರಾದ ಮಾರಿವೊನ್‌ಗೆ ಎಪ್ಪತ್ತು ದಾಟಿತ್ತು. ಸಂ ನಿಕೊದೆಮ್‌ನ ಮೊರ್ವಾನ್ ಸಹೋದರರನ್ನೂ ಕೇಳಿ. ಅವರು ಬೇಸಾಯಗಾರರಾಗಿದ್ದರು.

ಘಟ್ಟದ ಕೆಳಗೆ

ಬರೆದದ್ದು ಚಂದ ಉಂಟು ಮಾರಾಯ್ರೆ. ಆದರೆ ಒಂದು ಸಂಶಯ ಕೇಳ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಈ ಫೆಸ್ಟ್ ನೋಜ್ ಯುನೆಸ್ಕೊ ಪಟ್ಟಿಯಲ್ಲಿ ಉಂಟಂತೆ. ಸಮುದಾಯ ಭವನ, ಟಿಕೆಟು, ಮೈಕು. ಇದು ಹಳೆಯ ಸಂಪ್ರದಾಯವಾ, ಅಲ್ಲ ಪ್ರವಾಸಿಗರಿಗೆ ಅಂತ ಮತ್ತೆ ಕಟ್ಟಿದ್ದಾ? ನಾನು ಉಡುಪಿಯವ. ಹರಕೆ ಆಟ ಗದ್ದೆಯಲ್ಲಿ ಬೆಳಗಿನ ತನಕ ಆಗುವುದನ್ನೂ ನೋಡಿದ್ದೇನೆ, ಹೋಟೆಲಿನ ಹುಲ್ಲುಹಾಸಿನಲ್ಲಿ ಅರ್ಧ ಗಂಟೆಯ ತುಂಡು ಆಗುವುದನ್ನೂ ನೋಡಿದ್ದೇನೆ. ಎರಡಕ್ಕೂ ಯಕ್ಷಗಾನ ಅಂತಲೇ ಹೇಳುತ್ತಾರೆ.

ರೆನ್ ಊರಿನ ಕನ್ನಡತಿ

ಇದಕ್ಕೆ ನಾನು ಉತ್ತರಿಸಬಹುದಾ? ನಾನು ಬ್ರಿಟನಿಯ ರಾಜಧಾನಿ ರೆನ್‌ನಲ್ಲಿ ಸಂಶೋಧನೆ ಮಾಡುತ್ತಿದ್ದೇನೆ. ವಿಷಯ ಬೇರೆ, ಆದರೆ ಎಂಟು ವರ್ಷದಿಂದ ಇಲ್ಲಿನ ನೃತ್ಯಕೂಟವೊಂದರಲ್ಲಿ ಇದ್ದೇನೆ.

ಘಟ್ಟದ ಕೆಳಗೆ ಅವರೇ, ಮತ್ತೆ ಕಟ್ಟಿದ್ದು ಅನ್ನುವುದು ನಿಜ. ಇಲ್ಲಿಯವರೂ ಅದನ್ನು ಮುಚ್ಚಿಡುವುದಿಲ್ಲ. ಹಿಂದೆ ಮಧ್ಯ ಬ್ರಿಟನಿಯಲ್ಲಿ ಆಲೂಗಡ್ಡೆ ಕೀಳುವುದು, ಬೀಟ್ ಕೀಳುವುದು, ಒಕ್ಕಣೆ ಎಲ್ಲ ಮುಯ್ಯಾಳಿನಲ್ಲಿ ಆಗುತ್ತಿತ್ತು. ಕೆಲಸ ಮುಗಿದ ರಾತ್ರಿ ಆ ಮನೆಯವರು ಊಟ ಹಾಕುತ್ತಿದ್ದರು, ಅಂಗಳದಲ್ಲಿ ಕುಣಿತ. ಹೊಸ ಮನೆ ಕಟ್ಟಿದಾಗ ಮಣ್ಣಿನ ನೆಲ ಗಟ್ಟಿಯಾಗಲಿ ಎಂದು ಊರವರನ್ನು ಕರೆದು ಕುಣಿಸುತ್ತಿದ್ದರು. ಅಂದರೆ ಕುಣಿತವೇ ಒಂದು ಕೆಲಸ. ಆಮೇಲೆ ಯಂತ್ರ ಬಂತು, ಮುಯ್ಯಾಳು ಹೋಯಿತು, ಸಿಮೆಂಟ್ ನೆಲ ಬಂತು. ಯುವಕರು ಪ್ಯಾರಿಸ್ಸಿಗೆ ಹೋದರು. ಪಾದ್ರಿಗಳೂ ಹಿಂದಿನಿಂದ ಕುಣಿತದ ವಿರೋಧಿಗಳು, ಗಂಡು ಹೆಣ್ಣು ಜೋಡಿಯಾಗಿ ಕುಣಿಯುವುದನ್ನಂತೂ "ಹೊಟ್ಟೆಗೆ ಹೊಟ್ಟೆ" ಅಂತ ಕರೆದು ಬೈಯುತ್ತಿದ್ದರು. ಎರಡನೇ ಮಹಾಯುದ್ಧದ ಹೊತ್ತಿಗೆ ಹಾಡು ಗೊತ್ತಿದ್ದವರು ಇದ್ದರು, ಹಾಡಲು ಸಂದರ್ಭ ಇರಲಿಲ್ಲ.

ಪುಲಾವೆನ್ ಹಳ್ಳಿಯ ಲೊಯಿಜ್ ರೊಪಾರ್ಸ್ ಎಂಬ ಮೇಷ್ಟ್ರು ಮಾಡಿದ ಕೆಲಸ ಇಲ್ಲಿ ಬರುತ್ತದೆ. 1950ರ ದಶಕದ ನಡುವಲ್ಲಿ ಅವರು ಹಾಡುಗಾರರನ್ನು ಹುಡುಕಿ ಹೊರಡಿಸಿ, ಸಭಾಂಗಣದಲ್ಲಿ ಎತ್ತರದ ಮೇಲೆ ನಿಲ್ಲಿಸಿ, ಮೈಕು ಕೊಟ್ಟರು. ಮೈಕು ಕೊಟ್ಟದ್ದರಿಂದಲೇ ಐನೂರು ಜನ ಕುಣಿಯಲು ಸಾಧ್ಯವಾಯಿತು. ಸಂದರ್ಭ ಸತ್ತಿತ್ತು, ಅವರು ಹೊಸ ಸಂದರ್ಭ ಹುಟ್ಟಿಸಿದರು. 1972ರ ಫೆಬ್ರವರಿಯಲ್ಲಿ ಅಲಾನ್ ಸ್ತಿವೆಲ್ ಪ್ಯಾರಿಸ್‌ನ ಒಲಿಂಪಿಯಾದಲ್ಲಿ ಬ್ರೆಟನ್ ಹಾರ್ಪ್ ಜೊತೆ ಎಲೆಕ್ಟ್ರಿಕ್ ಗಿಟಾರ್ ಇಟ್ಟು ಹಾಡಿದ ಮೇಲಂತೂ ಕಾಲೇಜು ಹುಡುಗರೆಲ್ಲ ಹಳ್ಳಿಗೆ ಬಂದು ಅಜ್ಜಂದಿರ ಮುಂದೆ ಕೂತರು.

ಯುನೆಸ್ಕೊ ಪಟ್ಟಿಗೆ ಸೇರಿದ್ದು 2012ರ ಡಿಸೆಂಬರಿನಲ್ಲಿ. ವರ್ಷಕ್ಕೆ ಸಾವಿರದಷ್ಟು ಫೆಸ್ಟ್ ನೋಜ್ ಆಗುತ್ತವೆ ಅನ್ನುವುದು ಅವರೇ ಕೊಟ್ಟ ಲೆಕ್ಕ. ಬಹುಪಾಲು ಊರಿನ ಶಾಲೆಗೋ, ಗುಡಿಯಂತಹ ಹಳೆಯ ಚಾಪೆಲ್‌ನ ಮಾಡಿಗೋ ದುಡ್ಡು ಕೂಡಿಸಲು ಆಗುವಂಥವು. ನವೆಂಬರಿನ ಮಳೆಯಲ್ಲಿ ಆ ಹಳ್ಳಿಗಳಿಗೆ ಯಾವ ಪ್ರವಾಸಿಯೂ ಬರುವುದಿಲ್ಲ. ಸಭಾಂಗಣ ತುಂಬಿರುತ್ತದೆ.

ರೊಟ್ಟಿ ಬುತ್ತಿ

ನಮಸ್ಕಾರ್ರೀ ಎಲ್ಲಾರಿಗೂ. ನಾ ಧಾರವಾಡದಾಕಿ. ನನ್ನ ತಮ್ಮ ಪ್ಯಾರಿಸ್‌ನ್ಯಾಗ ಅದಾನ, ಬರೋ ವರ್ಷ ನಾವು ಮನಿಮಂದಿ ಎಲ್ಲಾ ಹೋಗೋದೈತಿ. ಬ್ರಿಟನಿ ನೋಡಬೇಕಂತ ಆಸೆ ಐತ್ರೀ. ಎರಡು ಪ್ರಶ್ನೆ. ವರ್ಷದಾಗ ಯಾವ ತಿಂಗಳು ಹೋದ್ರ ಏನೇನು ಹಬ್ಬ ಸಿಗ್ತಾವ? ನಾವು ಶಾಖಾಹಾರಿ, ಹಳ್ಳಿಯೊಳಗ ತಿನ್ನಾಕ ಏನು ಸಿಗ್ತೈತಿ?

ತುಂಗಾತೀರ

ಅಕ್ಕಾ, ಊಟದ್ದು ಮೊದಲು ಹೇಳಿಬಿಡುತ್ತೇನೆ, ಅದು ನಿಮಗೆ ಖುಷಿ ಕೊಡುವ ಸುದ್ದಿ. ಇಲ್ಲಿನ ಬಡವರ ಅನ್ನವೆಂದರೆ ಬಕ್‌ವೀಟ್. ನಮ್ಮ ಉತ್ತರ ಭಾರತದವರು ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟು ಇದೆಯಲ್ಲ, ಅದೇ. ಹಿಟ್ಟು, ನೀರು, ಉಪ್ಪು ಕಲಸಿ ನೆನೆಯಲು ಬಿಟ್ಟು, ಬಿಲಿಗ್ ಎಂಬ ದೊಡ್ಡ ಬೀಡು ಕಾವಲಿಯ ಮೇಲೆ ಹುಯ್ಯುತ್ತಾರೆ. ಹರಡಲು ಸೌಟಿನ ತಳ ಅಲ್ಲ, ರೊಜೆಲ್ ಎಂಬ ಪುಟ್ಟ ಮರದ ಕುಂಟೆ. ಮಣಿಕಟ್ಟು ಒಂದೇ ಸುತ್ತು ತಿರುಗಬೇಕು, ಹಿಟ್ಟು ಕಾವಲಿಯ ಅಂಚಿಗೆ ಹೋಗಿ ನಿಲ್ಲಬೇಕು. ಅಂಚು ಗರಿಯಾದ ಮೇಲೆ ಸ್ಪಾನೆಲ್ ಎಂಬ ಉದ್ದ ಮರದ ಚೂರಿಯಂಥದ್ದರಿಂದ ಎಬ್ಬಿಸಿ ಮಗುಚುತ್ತಾರೆ. ಮೇಲೆ ಉಪ್ಪು ಬೆಣ್ಣೆ. ನಮ್ಮ ಅಮ್ಮ ಬಂದಿದ್ದಾಗ ಕ್ರೇಪ್ ಹುಯ್ಯುವ ಹೆಂಗಸಿನ ಪಕ್ಕ ಅರ್ಧ ಗಂಟೆ ನಿಂತಿದ್ದರು. ಭಾಷೆ ಬರದಿದ್ದರೂ ಇಬ್ಬರಿಗೂ ಮಾತಿಗೆ ಕೊರತೆಯಾಗಲಿಲ್ಲ. ಬಕ್‌ವೀಟಿನದಕ್ಕೆ ಚೀಸು, ಅಣಬೆ ಹಾಕಿಸಿಕೊಳ್ಳಿ, ಹಂದಿಮಾಂಸ ಬೇಡ ಅಂತ ಮೊದಲೇ ಹೇಳಿ. ಗೋಧಿಯದು ಸಿಹಿ. ಕೆಲವೆಡೆ ಕಾವಲಿಗೆ ಹಂದಿ ಕೊಬ್ಬು ಸವರುತ್ತಾರೆ, ಅದನ್ನೂ ಕೇಳಿಕೊಳ್ಳಿ.

ಇನ್ನು ತಿಂಗಳು. ಚಳಿಗಾಲದಲ್ಲಿ ಫೆಸ್ಟ್ ನೋಜ್ ಮಾತ್ರ. ಮೇ ತಿಂಗಳಿಂದ ಪಾರ್ದೋನ್‌ಗಳು ಶುರು. ಪಾರ್ದೋನ್ ಅಂದರೆ ಆಯಾ ಚಾಪೆಲ್‌ನ ಸಂತನ ಜಾತ್ರೆ. ಪೂಜೆ, ಮೆರವಣಿಗೆ, ಆಮೇಲೆ ಊಟ, ಕುಣಿತ, ಕುಸ್ತಿ. ಕಸೂತಿ ಹಾಕಿದ ಭಾರವಾದ ಬಾವುಟಗಳನ್ನು ಎತ್ತಿಕೊಂಡು ಬರುತ್ತಾರೆ. ಎರಡು ಊರಿನ ಮೆರವಣಿಗೆ ಎದುರಾದಾಗ ಬಾವುಟದ ತುದಿಗಳನ್ನು ಬಾಗಿಸಿ ತಾಗಿಸುತ್ತಾರೆ, ಅದು ಬಾವುಟಗಳ ಮುತ್ತು. ಮೇ ಮೂರನೇ ಭಾನುವಾರ ನಮ್ಮ ಹತ್ತಿರದ ತ್ರೆಗಿಯೆಯಲ್ಲಿ ಸಂತ ಈವ್‌ನ ಪಾರ್ದೋನ್. 1303ರಲ್ಲಿ ತೀರಿಕೊಂಡ ಈ ಪಾದ್ರಿ ವಕೀಲರಾಗಿ ಬಡವರ ಪರ ವಾದಿಸುತ್ತಿದ್ದರು, ಈಗ ವಕೀಲರಿಗೆಲ್ಲ ಅವರೇ ಸಂತ. ದೇಶವಿದೇಶದ ವಕೀಲರು ಕರಿ ಗೌನು ತೊಟ್ಟು ಅವರ ತಲೆಬುರುಡೆಯ ಪೆಟ್ಟಿಗೆಯ ಜೊತೆ ಬೀದಿಯಲ್ಲಿ ನಡೆಯುತ್ತಾರೆ.

ಜೂನ್ ಕೊನೆಗೆ ಸಂತ ಜಾನ್‌ನ ಹಬ್ಬ, ತಾಂತಾದ್ ಎಂಬ ದೊಡ್ಡ ಬೆಂಕಿ. ಆಗ ಕೆಲವು ಊರಲ್ಲಿ ಒಂದು ವಿಚಿತ್ರ ನಾದ ಕೇಳಬಹುದು. ತಾಮ್ರದ ಬೋಗುಣಿಯ ಅಂಚಿಗೆ ಜೊಂಡುಹುಲ್ಲಿನ ಎಳೆಗಳನ್ನು ಒತ್ತಿ ಹಿಡಿದಿರುತ್ತಾರೆ. ಇನ್ನೊಬ್ಬರು ಕೈ ಒದ್ದೆ ಮಾಡಿಕೊಂಡು ಹಸುವಿನ ಹಾಲು ಕರೆದ ಹಾಗೆ ಆ ಎಳೆಗಳನ್ನು ಜಗ್ಗುತ್ತಾರೆ. ಬೋಗುಣಿ ಗುಂಯ್ ಅಂತ ಮೊಳಗುತ್ತದೆ, ಎದೆಗೂಡಿನೊಳಗೇ ಆದ ಹಾಗೆ.

ಜುಲೈ, ಆಗಸ್ಟ್‌ನಲ್ಲಿ ಯಾವ ಭಾನುವಾರ ಹೋದರೂ ಒಂದಿಲ್ಲೊಂದು ಸಿಗುತ್ತದೆ. ಆಗಸ್ಟಿನಲ್ಲಿ ರೋಸ್ತ್ರೆನೆನ್‌ನಲ್ಲಿ ಫಿಸೆಲ್ ಕುಣಿತದ ಹಬ್ಬ, ಬೂರ್ಬ್ರಿಯಾಕ್ ಹತ್ತಿರ ಪ್ಲಿನ್ ಕುಣಿತದ ಹಬ್ಬ. ಎರಡೂರಿಗೂ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ದೂರ, ಹೆಜ್ಜೆ ಮಾತ್ರ ಪೂರಾ ಬೇರೆ. ನಮ್ಮಲ್ಲಿ ಹಳ್ಳ ದಾಟಿದರೆ ಮಾತಿನ ಧಾಟಿ ಬದಲಾಗುವುದಿಲ್ಲವೇ, ಹಾಗೆ. ಸೆಪ್ಟೆಂಬರ್ ಮೊದಲಲ್ಲಿ ಗೂರಿನ್‌ನಲ್ಲಿ ಜೋಡಿ ವಾದಕರ ಪಂದ್ಯ. ಒಬ್ಬರು ಬೊಂಬಾರ್ಡ್ ಊದುತ್ತಾರೆ, ಅದು ನಮ್ಮ ಮೌರಿ, ಶಹನಾಯಿಯ ಜಾತಿಯದೇ, ಎರಡು ನಾಲಿಗೆಯ ಪೀಪಿ. ಇನ್ನೊಬ್ಬರದು ಬಿನಿಯು, ಚರ್ಮದ ಚೀಲದ ವಾದ್ಯ, ಶ್ರುತಿಯೂ ಅದರಲ್ಲೇ. ಬೊಂಬಾರ್ಡಿಗೆ ಉಸಿರು ಸಾಲದೆ ಬಿಟ್ಟಾಗ ಬಿನಿಯು ಹಾಡು ಹಿಡಿದಿರುತ್ತದೆ. ಸೋಬಾನೆ ಅಕ್ಕ ಕೇಳಿದ ಕಾನ್ ಹ ದಿಸ್ಕಾನ್ ವಾದ್ಯದಲ್ಲೂ ಇದೆ ಅಂತಾಯಿತು.

ಅಕ್ಟೋಬರಿನಲ್ಲಿ ರೆದೋನ್ ಕಡೆ ಚೆಸ್ಟ್‌ನಟ್ ಸುಗ್ಗಿ, ಹಾಡಿನ ಸ್ಪರ್ಧೆ. ಆ ಭಾಗ ನನಗಿಂತ ರೆನ್‌ನವರಿಗೆ ಚೆನ್ನಾಗಿ ಗೊತ್ತು.

ರೆನ್ ಊರಿನ ಕನ್ನಡತಿ

ಒಂದು ಸೇರಿಸುತ್ತೇನೆ. ಬ್ರಿಟನಿ ಅಂದರೆ ಎಲ್ಲ ಕಡೆ ಬ್ರೆಟನ್ ಭಾಷೆ ಅಂದುಕೊಳ್ಳಬೇಡಿ. ಪಶ್ಚಿಮದ ಅರ್ಧ ಮಾತ್ರ ಬ್ರೆಟನ್, ಅದು ವೇಲ್ಸ್‌ನವರ ಭಾಷೆಗೆ ನೆಂಟ. ರೆನ್, ರೆದೋನ್ ಇರುವ ಪೂರ್ವದ ಹಳ್ಳಿಗಳಲ್ಲಿ ಗಾಲೊ, ಅದು ಫ್ರೆಂಚಿನ ಅಕ್ಕತಂಗಿ. ರೆದೋನ್‌ನ ಹಾಡಿನ ಸ್ಪರ್ಧೆಗೆ ಬೋಗ್ ದೋರ್, ಅಂದರೆ ಚಿನ್ನದ ಚೆಸ್ಟ್‌ನಟ್ ಮುಳ್ಳುಸಿಪ್ಪೆ ಅಂತ ಹೆಸರು. ಅಲ್ಲಿ ಸುತ್ತಿನ ಹಳ್ಳಿಗಳ ನಡಿಗೆ ಹಾಡು, ದುಃಖದ ಹಾಡು, ಕಥೆ ಎಲ್ಲ ಬರುತ್ತವೆ. ಗಾಲೊ ಭಾಗದವರನ್ನು ಬ್ರಿಟನಿಯ ಕುರಿತ ಬರಹಗಳು ಸುಮ್ಮನೆ ದಾಟಿಬಿಡುತ್ತವೆ, ಅದು ನನಗೆ ಬೇಸರದ ವಿಷಯ.

ಗರಡಿ ಹುಡುಗ

ಕುಸ್ತಿ ಅಂದ್ರಲ್ಲ ಸರ್! ಪಾರ್ದೋನ್‌ನಲ್ಲಿ ಕುಸ್ತಿನಾ? ನಾನು ಮೈಸೂರಿನವನು, ನಮ್ಮ ತಾತ ಗರಡಿ ಪೈಲ್ವಾನ್. ಪೂರ್ತಿ ಹೇಳಿ. ಮಣ್ಣಾ, ಮ್ಯಾಟಾ? ಚಿತ್ ಆಗೋದು ಹೇಗೆ?

ತುಂಗಾತೀರ

ಗೂರೆನ್ ಅಂತ ಹೆಸರು ತಮ್ಮಾ. ಬೇಸಿಗೆಯಲ್ಲಿ ಬಯಲಲ್ಲಿ ಮರದ ಹೊಟ್ಟು ಹರಡಿ ಆಡುತ್ತಾರೆ. ಬರಿಗಾಲು. ಮೇಲೆ ಒಂದು ಗಟ್ಟಿ ಬಿಳಿ ಅಂಗಿ, ಸೊಂಟಕ್ಕೆ ಬಿಗಿದಿರುತ್ತಾರೆ. ಹಿಡಿತವೆಲ್ಲ ಆ ಅಂಗಿಯ ಮೇಲೆ, ಕಾಲಿಗೆ ಕೈ ಹಾಕುವಂತಿಲ್ಲ. ನೆಲದ ಮೇಲಿನ ಕುಸ್ತಿ ಇಲ್ಲವೇ ಇಲ್ಲ, ಎಲ್ಲ ನಿಂತೇ. ಎದುರಾಳಿಯ ಎರಡೂ ಹೆಗಲು ಒಟ್ಟಿಗೆ, ಮೈಯ ಬೇರೆ ಭಾಗ ತಾಗುವ ಮೊದಲು, ನೆಲ ಮುಟ್ಟಿದರೆ ಅದು ಲಾಮ್. ಆಟ ಅಲ್ಲಿಗೆ ಮುಗಿಯಿತು. ಮೊಣಕೈ ಮೊದಲು ತಾಗಿದರೂ ಲಾಮ್ ಅಲ್ಲ.

ಶುರುವಿಗೆ ಎಲ್ಲ ಪೈಲ್ವಾನರೂ ಸಾಲಾಗಿ ನಿಂತು ಬ್ರೆಟನ್ ಭಾಷೆಯಲ್ಲಿ ಪ್ರಮಾಣ ಮಾಡುತ್ತಾರೆ: ಮೋಸವಿಲ್ಲದೆ, ಕ್ರೌರ್ಯವಿಲ್ಲದೆ, ನನ್ನ ಮತ್ತು ನನ್ನ ನಾಡಿನ ಗೌರವಕ್ಕಾಗಿ ಸೆಣಸುತ್ತೇನೆ, ಹಿರಿಯರ ರೂಢಿಯಂತೆ ಎದುರಾಳಿಗೆ ನನ್ನ ಕೈಯನ್ನೂ ಕೆನ್ನೆಯನ್ನೂ ನೀಡುತ್ತೇನೆ ಅಂತ. ಆಮೇಲೆ ನಿಜಕ್ಕೂ ಕೈ ಹಿಡಿದು ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ಹತ್ತು ವರ್ಷದ ಹುಡುಗಿಯರು ಕೂಡ. ಹಳೆಯ ಕಾಲದಿಂದ ಬಂದ ಬಹುಮಾನವೆಂದರೆ ಟಗರು. ಗೆದ್ದವನು ಅದನ್ನು ಎರಡೂ ಕೈಯಲ್ಲಿ ಎತ್ತಿ ಹೆಗಲ ಮೇಲೆ ಹೊತ್ತು ಅಖಾಡ ಸುತ್ತುತ್ತಾನೆ. ಇದೂ ನಶಿಸಬಹುದಿತ್ತು. 1930ರಲ್ಲಿ ಶಾರ್ಲ್ ಕೊತೊನೆಕ್ ಎಂಬ ವೈದ್ಯರು ಸಂಘ ಕಟ್ಟಿ ನಿಯಮ ಬರೆದಿಟ್ಟರು.

ಗರಡಿ ಹುಡುಗ

ಕೈ ಮತ್ತು ಕೆನ್ನೆ! ತಾತನಿಗೆ ಓದಿ ಹೇಳಿದೆ ಸರ್. ಟಗರಿನ ವಿಷಯ ಎರಡು ಸಲ ಹೇಳಿಸಿಕೊಂಡರು.

ಘಟ್ಟದ ಕೆಳಗೆ

ರೆನ್‌ನ ಮೇಡಂ ಹೇಳಿದ್ದು ಒಪ್ಪುತ್ತೇನೆ. ಸಂದರ್ಭ ಹೋದರೆ ಹೊಸ ಸಂದರ್ಭ ಮಾಡಬೇಕು, ಅದು ಸುಳ್ಳಾಗುವುದಿಲ್ಲ. ನಮ್ಮ ಮೇಳಗಳು ಟೆಂಟು ಹಾಕಿ ಟಿಕೆಟು ಮಾಡಿದಾಗಲೂ ಜನ ಮೊದಲು ಬೈದಿದ್ದರಂತೆ. ಆದರೆ ದೇವರ ವಿಷಯ? ಪಾರ್ದೋನ್‌ನಲ್ಲಿ ಈಗಲೂ ನಂಬಿಕೆ ಉಂಟಾ, ಅಲ್ಲ ಅದೂ ಹಬ್ಬದ ಊಟಕ್ಕೆ ನೆಪವಾ?

ತುಂಗಾತೀರ

ಬೇರೆಯವರ ನಂಬಿಕೆ ನಾನು ಅಳೆಯಲಾರೆ. ಕಂಡದ್ದು ಹೇಳುತ್ತೇನೆ.

ಲೋಕ್ರೊನಾನ್ ಎಂಬಲ್ಲಿ ಪ್ರತಿ ಆರು ವರ್ಷಕ್ಕೊಮ್ಮೆ ದೊಡ್ಡ ತ್ರೊಮೆನಿ ನಡೆಯುತ್ತದೆ, 12 ಕಿಲೋಮೀಟರ್ ಬೆಟ್ಟ ಗದ್ದೆ ಸುತ್ತುವ ಮೆರವಣಿಗೆ. ಐರ್ಲೆಂಡಿನಿಂದ ಬಂದ ಸಂತ ರೊನಾನ್ ಬರಿಗಾಲಲ್ಲಿ ಉಪವಾಸದಿಂದ ನಡೆಯುತ್ತಿದ್ದ ಹಾದಿ ಅದು ಅನ್ನುತ್ತಾರೆ. 2019ರದ್ದು ನಾನು ಬರುವ ಮೊದಲು ಆಗಿಹೋಗಿತ್ತು, ಈ ಸಲ 2025ರ ಜುಲೈಯಲ್ಲಿ ಹೋದೆ. ಆ ಹಾದಿಯ ಕೆಲವು ಭಾಗ ಯಾರದೋ ಹೊಲದೊಳಗೆ ಹೋಗುತ್ತದೆ, ಆ ದಿನಗಳಿಗೆ ಮಾತ್ರ ತೆರೆಯುತ್ತಾರೆ. ಹಾದಿಯುದ್ದಕ್ಕೂ ಸೊಪ್ಪು, ಬಿಳಿ ಬಟ್ಟೆ ಕಟ್ಟಿದ ಪುಟ್ಟ ಗೂಡುಗಳು, ಒಳಗೆ ಸುತ್ತಿನ ಊರುಗಳ ಸಂತರ ಮೂರ್ತಿ, ಪಕ್ಕದಲ್ಲಿ ಕಾಯುವವರೊಬ್ಬರು, ಒಂದು ಗಂಟೆ. ನಡೆಯುವವರು ಬರುತ್ತಿದ್ದ ಹಾಗೆ ಗಂಟೆ ಬಾರಿಸಿ ಸಂತನ ಹೆಸರು ಹೇಳುತ್ತಾರೆ. ನಮ್ಮೂರ ಅಡ್ಡೆಪಲ್ಲಕ್ಕಿ ಬರುವಾಗ ಮನೆ ಮುಂದೆ ಮಣೆ ಹಾಕಿ ಕಾಯುತ್ತಿದ್ದ ದೊಡ್ಡಮ್ಮನ ನೆನಪಾಗಿ ನಾನು ಒಂದು ಗೂಡಿನ ಮುಂದೆ ತುಂಬ ಹೊತ್ತು ನಿಂತೆ.

ಸಂತ ಹೋದ ಮೇಲೆ ಅವರ ದೇಹವನ್ನು ಎತ್ತುಗಳ ಗಾಡಿಯಲ್ಲಿ ಇಟ್ಟು, ಎತ್ತು ಹೋದ ಕಡೆ ಸಮಾಧಿ ಅಂತ ಬಿಟ್ಟರಂತೆ. ಅವರನ್ನು ಕಂಡರಾಗದ ಕೆಬೆನ್ ಎಂಬ ಹೆಂಗಸು ಬಟ್ಟೆ ಒಗೆಯುವ ಕೊರಡಿನಿಂದ ಎತ್ತಿನ ಕೊಂಬಿಗೆ ಬಡಿದಳು. ಕೊಂಬು ಮುರಿದು ಬಿದ್ದ ದಿಬ್ಬಕ್ಕೆ ಇಂದಿಗೂ "ಕೊಂಬಿನ ಜಾಗ" ಎಂದೇ ಹೆಸರು. ದೊಡ್ಡ ಮೆರವಣಿಗೆ ಅಲ್ಲಿ ನಿಂತು ಪ್ರಾರ್ಥಿಸುತ್ತದೆ. ಮುಂದಿನದು 2031ರಲ್ಲಿ. ಚಿಕ್ಕದು ಪ್ರತಿ ವರ್ಷ ಜುಲೈ ಎರಡನೇ ಭಾನುವಾರ.

ಇನ್ನೊಂದು, ಪ್ಲೊನೆವೆ ದ್ಯು ಫಾವು ಊರಿಗೆ ಸೇರಿದ ಸಂತ ಎರ್ಬೋ ಚಾಪೆಲ್. ದನಕರುಗಳ ಸಂತ. ಪಾರ್ದೋನ್ ದಿನ ರೈತರು ಹಸುವಿನ ಬಾಲದ ಕೂದಲನ್ನೂ ಬೆಣ್ಣೆಯನ್ನೂ ತಂದು ಒಳಗಿನ ಕಲ್ಲಿನ ಮೇಜಿನ ಮೇಲೆ ಅರ್ಪಿಸುತ್ತಿದ್ದರು. ನಾನು ಹೋಗಿದ್ದು ಬರೀ ಒಂದು ಮಂಗಳವಾರ, ಒಳಗೆ ಯಾರೂ ಇರಲಿಲ್ಲ. ಕಲ್ಲಿನ ಮೇಜು ಮುಟ್ಟಿ ನೋಡಿ ಬಂದೆ.

ನನ್ನ ಮನಸ್ಸಿಗೆ ತೀರ ಹತ್ತಿರವಾದದ್ದು ಮಾತ್ರ ನಮ್ಮ ಮನೆಯಿಂದ ಇಪ್ಪತ್ತು ನಿಮಿಷದ ದೂರದ ವಿಯೂ ಮಾರ್ಶೆಯ ಏಳು ಸಂತರ ಪಾರ್ದೋನ್, ಜುಲೈ ಕೊನೆಯ ಹೊತ್ತಿಗೆ. ಶಿಲಾಯುಗದ ಕಲ್ಲುಮನೆಯ ಮೇಲೇ ಕಟ್ಟಿದ ಚಾಪೆಲ್. ಎಫೆಸಸ್‌ನ ಗುಹೆಯಲ್ಲಿ ನೂರಾರು ವರ್ಷ ಮಲಗಿ ಎದ್ದ ಏಳು ಯುವಕರ ಕಥೆಯನ್ನು ಇಲ್ಲಿನವರು ಬ್ರೆಟನ್ ಲಾವಣಿಯಾಗಿ ಹಾಡುತ್ತಾ ಬಂದಿದ್ದಾರೆ. ಅದೇ ಕಥೆ ಕುರಾನಿನ 18ನೇ ಸೂರಾದಲ್ಲೂ ಇದೆ. ಅದನ್ನು ಗುರುತಿಸಿದ ವಿದ್ವಾಂಸ ಲೂಯಿ ಮಾಸಿನ್ಯೋಂ 1954ರಿಂದ ಮುಸ್ಲಿಮರನ್ನೂ ಈ ಜಾತ್ರೆಗೆ ಕರೆತಂದರು. ಅಲ್ಜೀರಿಯಾ ಯುದ್ಧ ಶುರುವಾದ ವರ್ಷ ಅದು. ಇಂದಿಗೂ ಚಾಪೆಲ್‌ನಲ್ಲಿ ಲಾವಣಿ, ಕೆಳಗಿನ ಚಿಲುಮೆಯ ಹತ್ತಿರ ಆ ಸೂರಾದ ಪಠಣ. ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿ ನೋಡಿ ಬೆಳೆದವನು ನಾನು, ಆ ಚಿಲುಮೆಯ ಹತ್ತಿರ ನನಗೆ ಗಂಟಲು ಕಟ್ಟಿತು.

ರೊಟ್ಟಿ ಬುತ್ತಿ

ಜುಲೈ ಕೊನೀಗೇ ಟಿಕೆಟ್ ತಗಸ್ತೇವ್ರೀ ಅಣ್ಣಾ. ಏಳು ಸಂತರ ಜಾತ್ರಿ ತಪ್ಪಿಸಂಗಿಲ್ಲ.

ಘಟ್ಟದ ಕೆಳಗೆ

ಓದಿ ಸುಮ್ಮನಾದೆ. ಒಂದು ಕಡೆಯ ಪ್ರಶ್ನೆ, ಇದು ನನ್ನದೇ ಹೆದರಿಕೆ. ಹಾಡು ಇಷ್ಟೆಲ್ಲ ಉಳಿದಿದೆ ಅಂತೀರಿ. ಆ ಭಾಷೆ ಮಾತಾಡುವವರು ಎಷ್ಟು ಜನ ಉಳಿದಿದ್ದಾರೆ? ನಮ್ಮ ಮನೆಯಲ್ಲಿ ತುಳು. ನನ್ನ ಅಣ್ಣನ ಮಕ್ಕಳಿಗೆ ಪಾಡ್ದನ ಕೇಳಿಸಿದರೆ ಚಂದ ಉಂಟು ಅಂತಾರೆ, ಅರ್ಥ ನಾನು ಹೇಳಬೇಕು.

ರೆನ್ ಊರಿನ ಕನ್ನಡತಿ

ಇದಕ್ಕೆ ಸಮಾಧಾನದ ಉತ್ತರ ನನ್ನ ಹತ್ತಿರ ಇಲ್ಲ. ಎರಡನೇ ಮಹಾಯುದ್ಧದ ನಂತರ ಸುಮಾರು ಹತ್ತು ಲಕ್ಷ ಜನ ಬ್ರೆಟನ್ ಮಾತಾಡುತ್ತಿದ್ದರು. 2018ರ ಸಮೀಕ್ಷೆಯಲ್ಲಿ ಸುಮಾರು ಎರಡು ಲಕ್ಷ, ಈಚಿನದರಲ್ಲಿ ಒಂದು ಲಕ್ಷದ ಆಸುಪಾಸು. ಶಾಲೆಯಲ್ಲಿ ಬ್ರೆಟನ್ ಮಾತಾಡಿದ ಮಗುವಿನ ಕೊರಳಿಗೆ ಮರದ ಕೆರವೋ ಮತ್ತೊಂದೋ ಕಟ್ಟುತ್ತಿದ್ದರು. ಇನ್ನೊಂದು ಮಗು ಬ್ರೆಟನ್ ಆಡಿದ್ದು ಹಿಡಿದುಕೊಟ್ಟರೆ ಮಾತ್ರ ಅದು ಇವನ ಕೊರಳಿಂದ ಇಳಿಯುತ್ತಿತ್ತು. ಹಾಗೆ ಬೆಳೆದವರು ತಮ್ಮ ಮಕ್ಕಳ ಹತ್ತಿರ ಫ್ರೆಂಚ್ ಮಾತ್ರ ಆಡಿದರು. ಅವರನ್ನು ದೂರಲು ನನಗೆ ಮನಸ್ಸಾಗುವುದಿಲ್ಲ.

1977ರಲ್ಲಿ ಕೆಲವು ತಂದೆತಾಯಿ ಸೇರಿ ಬ್ರೆಟನ್ ಮಾಧ್ಯಮದ ದಿವಾನ್ ಶಾಲೆ ತೆರೆದರು. ದಿವಾನ್ ಅಂದರೆ ಇಲ್ಲಿ ಮೊಳಕೆ. 2021ರಲ್ಲಿ ಪೂರ್ತಿಯಾಗಿ ಪ್ರಾದೇಶಿಕ ಭಾಷೆಯಲ್ಲೇ ಕಲಿಸುವುದಕ್ಕೆ ಮನ್ನಣೆ ಕೊಡುವ ಕಾನೂನನ್ನು ಸಂಸತ್ತು ಒಪ್ಪಿತು. ಆದರೆ ಸಂವಿಧಾನ ಮಂಡಳಿ ಆ ಭಾಗವನ್ನು ಹೊಡೆದುಹಾಕಿತು, ಗಣರಾಜ್ಯದ ಭಾಷೆ ಫ್ರೆಂಚ್ ಎಂಬ ಕಾರಣಕ್ಕೆ. ಶಾಲೆಗಳು ನಿಂತಿಲ್ಲ. ಅವಕ್ಕೂ ಭಾಷೆಯ ಬೇರೆ ಕೆಲಸಗಳಿಗೂ ಹಣ ಕೂಡಿಸಲು 2008ರಿಂದ ಎರಡು ವರ್ಷಕ್ಕೊಮ್ಮೆ ರೆದಾದೆಗ್ ಎಂಬ ಓಟ ನಡೆಯುತ್ತದೆ. ಹಗಲೂ ರಾತ್ರಿ, ಸುಮಾರು 2000 ಕಿಲೋಮೀಟರ್. ಒಂದೊಂದು ಕಿಲೋಮೀಟರನ್ನು ಒಬ್ಬೊಬ್ಬರು ದುಡ್ಡು ಕೊಟ್ಟು ಕೊಳ್ಳುತ್ತಾರೆ, ಕೈಯಿಂದ ಕೈಗೆ ಒಂದು ಕೋಲು ಸಾಗುತ್ತದೆ. ಕೋಲಿನೊಳಗೆ ಬ್ರೆಟನ್‌ನಲ್ಲಿ ಬರೆದ ಒಂದು ಸಂದೇಶ, ಓಟ ಮುಗಿದ ಊರಲ್ಲಿ ತೆಗೆದು ಓದುತ್ತಾರೆ. ಕಳೆದ ಸಲ ನಮ್ಮ ಕೂಟದ ಕಿಲೋಮೀಟರ್ ಬಂದದ್ದು ಬೆಳಗಿನ ಜಾವ ಮೂರು ಗಂಟೆಗೆ. ಹಳ್ಳಿ ರಸ್ತೆ, ಕತ್ತಲು, ಮನೆಯವರು ಕಿಟಕಿಯಲ್ಲಿ ದೀಪ ಹಿಡಿದು ನಿಂತಿದ್ದರು. 2026ರಲ್ಲಿ ಮತ್ತೆ ಇದೆ.

ಸೋಬಾನೆ

ಮರದ ಕೆರದ ವಿಷಯ ಓದಿ ಹೊಟ್ಟೆ ಉರಿದುಹೋಯ್ತು.

ತುಂಗಾತೀರ ಅಣ್ಣ, ಮುಂದಿನ ಸಲ ಹೋದಾಗ ಒಂದು ನೋಡ್ಕೊಂಡು ಬನ್ನಿ. ಬಾಲ ಹಿಡಿಯೋ ಜಾಗ ಪ್ರತಿ ಸಾಲಿಗೂ ಒಂದೇನಾ, ಇಲ್ಲ ಬದಲಾಗುತ್ತಾ?

ತುಂಗಾತೀರ

ಅಕ್ಕ, ಈ ಶನಿವಾರ ಅದಕ್ಕೆಂದೇ ಹೋಗಿದ್ದೆ. ಜಗಲಿಗೆ ತೀರ ಹತ್ತಿರದ ಬೆಂಚಿನಲ್ಲಿ ಕೂತು ಕೇಳಿದೆ. ಸಾಮಾನ್ಯವಾಗಿ ಒಂದೇ ಜಾಗ. ಆದರೆ ಒಬ್ಬರಿಗೆ ಉಸಿರು ಸಾಲದೆ ಬಂದರೆ ಇನ್ನೊಬ್ಬರು ಒಂದು ಅಕ್ಷರ ಮೊದಲೇ ಎತ್ತಿಕೊಳ್ಳುತ್ತಾರೆ. ಹೆಗಲು ತಾಗಿಸಿ ನಿಲ್ಲುವುದು ಅದಕ್ಕೇ ಇರಬೇಕು, ಪಕ್ಕದವರ ಉಸಿರು ಹೆಗಲಿಗೆ ಗೊತ್ತಾಗುತ್ತದೆ.

ಘಟ್ಟದ ಕೆಳಗೆ ಅವರಿಗೂ ಒಂದು ಹೇಳಬೇಕು. ನನ್ನ ಪಕ್ಕ ಒಬ್ಬ ಅಜ್ಜ ಕೂತಿದ್ದರು, ರೈತರು, ಮಂಡಿ ನೋವು, ಈಗ ಕುಣಿಯುವುದಿಲ್ಲ. ತನ್ನ ಮೂವರು ಮಕ್ಕಳಿಗೂ ಬ್ರೆಟನ್ ಹೇಳಿಕೊಡಲಿಲ್ಲ ಅಂತ ಅವರೇ ಹೇಳಿದರು, ನಾನು ಕೇಳಿರಲಿಲ್ಲ. ಹತ್ತು ಗಂಟೆಯ ಹೊತ್ತಿಗೆ ಜಗಲಿಗೆ ಹದಿನಾರು ಹದಿನೇಳರ ಇಬ್ಬರು ಹುಡುಗಿಯರು ಹತ್ತಿದರು, ದಿವಾನ್ ಶಾಲೆಯವರು. ಗಾವೋಟ್ ಎತ್ತಿಕೊಂಡರು. ದರ್ಜಿಯೊಬ್ಬನನ್ನು ಹಂಗಿಸುವ ಹಳೆಯ ಹಾಡು. ಕುಣಿಯುವವರಲ್ಲಿ ಹೆಚ್ಚಿನವರಿಗೆ ಅರ್ಥವಾಗುತ್ತಿರಲಿಲ್ಲ, ಹೆಜ್ಜೆ ಹಾಕುತ್ತಿದ್ದರು. ಅಜ್ಜ ನಾಲ್ಕನೇ ಸಾಲಿಗೆ ಗೊಳ್ಳೆಂದು ನಕ್ಕರು. ಜಗಲಿಯ ಮೇಲಿನ ಹುಡುಗಿಗೆ ಆ ನಗು ಕೇಳಿತು. ಮುಂದಿನ ಸಾಲನ್ನು ಅವಳು ಕುಣಿಯುವವರ ಕಡೆ ನೋಡಿ ಹಾಡಲಿಲ್ಲ, ಅಜ್ಜನ ಕಡೆ ತಿರುಗಿ ಹಾಡಿದಳು. ಸಾಲಿನ ಕೊನೆಗೆ ಬರುತ್ತಿದ್ದ ಹಾಗೆ ಅಜ್ಜ ಬೆಂಚಿನ ಮೇಲಿಂದಲೇ ಬಾಲ ಹಿಡಿದರು.